ಕರೆಂಟು ಉರಿಯುವಾಗಲೇ ಕಸದ ದುಡ್ಡೂ ತೆಗೆದಿಡಿ

ನಾನಿರುವ ಬ್ರೌನ್‌ಶ್ವೈಗ್‌ನಿಂದ ಸ್ವಲ್ಪ ದೂರ ಹೋದರೆ, ಹಳ್ಳಿಮನೆಗಳ ಮುಂದೆ ಮರದ ಹಲಗೆಯ ದೊಡ್ಡ ಹಳದಿ ‘ಎ’ ಅಕ್ಷರ ನಿಂತಿರುತ್ತದೆ. ಜರ್ಮನಿಗೆ ಬಂದ ಹೊಸತರಲ್ಲಿ ಅದು ಯಾವುದೋ ಹಬ್ಬದ ಗುರುತು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ಅಸ್ಸೆ ಗಣಿಯ ‘ಎ’. ಆ ಗಣಿಯನ್ನು ಮರೆಯಬೇಡಿ ಅಂತ ಸುತ್ತಲಿನ ಜನ ನಿಲ್ಲಿಸಿರುವ ಗುರುತು.

ಅಸ್ಸೆ ಹಳೆಯ ಉಪ್ಪಿನ ಗಣಿ. 1967ರಿಂದ 1978ರವರೆಗೆ ಅದರೊಳಗೆ ಸುಮಾರು 1,26,000 ಪೀಪಾಯಿ ಅಣುತ್ಯಾಜ್ಯ ಇಳಿಸಿದರು. ಸಂಶೋಧನೆ ಅನ್ನುವ ಹೆಸರಿತ್ತು. ಉಪ್ಪು ಒಣಗಿರುತ್ತದೆ, ನೀರು ಬರುವುದಿಲ್ಲ ಅನ್ನುವ ನಂಬಿಕೆ ಇತ್ತು. 1988ರಿಂದ ಅಲ್ಲಿ ಉಪ್ಪುನೀರು ಒಸರುತ್ತಿದೆ. ಈಗ ದಿನಕ್ಕೆ ಸುಮಾರು 12 ಸಾವಿರ ಲೀಟರ್ ನೀರನ್ನು ಹಿಡಿದು ಮೇಲೆತ್ತುತ್ತಾರೆ. ಎಲ್ಲ ಪೀಪಾಯಿಗಳನ್ನೂ ವಾಪಸ್ ತೆಗೆಯಬೇಕು ಎಂದು 2013ರಲ್ಲಿ ಕಾನೂನೇ ಆಯಿತು. ಇದಕ್ಕೆ ನೂರಾರು ಕೋಟಿ ಯೂರೋ ಬೇಕು. ಅಂದು ಕಸ ತಂದಿಟ್ಟವರು ಕೊಟ್ಟ ಶುಲ್ಕ ಇದರ ಮುಂದೆ ಏನೇನೂ ಅಲ್ಲ. ಉಳಿದದ್ದು ತೆರಿಗೆದಾರರ ದುಡ್ಡು. ಅದರಲ್ಲಿ ನನ್ನ ಸಂಬಳದಿಂದ ಹೋಗುವ ತೆರಿಗೆಯೂ ಇದೆ. ಆ ಕರೆಂಟು ಉರಿದಾಗ ನಾನಿನ್ನೂ ಹುಟ್ಟಿರಲಿಲ್ಲ.

ದುಡ್ಡು ಕೊಡುವುದಕ್ಕೆ ನನಗೆ ಬೇಸರವಿಲ್ಲ. ಯಾರಾದರೂ ಆ ಕೆಲಸ ಮಾಡಲೇಬೇಕು. ಮೊದಲೇ ತೆಗೆದಿಡದೆ ಹೋದರಲ್ಲ, ಅದೇ ನೋವು.

ಆ ಪಾಠದ ಮೇಲೆ ಜರ್ಮನಿ 2017ರಲ್ಲಿ ಬೇರೆ ದಾರಿ ಹಿಡಿಯಿತು. ಅಣುಸ್ಥಾವರ ನಡೆಸುತ್ತಿದ್ದ ಕಂಪನಿಗಳು ಸುಮಾರು 2,400 ಕೋಟಿ ಯೂರೋವನ್ನು ಒಂದು ಸಾರ್ವಜನಿಕ ನಿಧಿಗೆ ಕಟ್ಟಿದವು. ಅದರ ಹೆಸರು ಕೆನ್ಫೋ. ಸ್ಥಾವರ ಕಳಚುವ ಖರ್ಚು ಕಂಪನಿಯದೇ. ಕಸ ಕಾಯುವುದು, ಕೊನೆಗೆ ನೆಲದಾಳದಲ್ಲಿ ಹೂಳುವುದು ಸರ್ಕಾರದ್ದು. ಮೂಲ ಮೊತ್ತದ ಮೇಲೆ ಶೇ 35ರಷ್ಟು ಜಾಸ್ತಿ ಕಟ್ಟಿ ಕಂಪನಿಗಳು ಮುಂದಿನ ಹೊಣೆಯಿಂದ ಬಿಡುಗಡೆ ಪಡೆದವು. ಇಲ್ಲೇ ನನ್ನ ತಕರಾರು. ಕಸ ಹೂಳುವ ಜಾಗವೇ ಇನ್ನೂ ಸಿಕ್ಕಿಲ್ಲ. ಕಸ ಹೂಳಲು ನೋಡಿದ್ದ, ದಶಕಗಟ್ಟಲೆ ಜಗಳವಾದ ಗೋರ್ಲೆಬೆನ್ ಎಂಬ ಊರು 2020ರಲ್ಲಿ ಜಾಗಗಳ ಪಟ್ಟಿಯಿಂದ ಹೊರಬಿತ್ತು. ಜಾಗವೇ ಗೊತ್ತಿಲ್ಲದ ಕೆಲಸಕ್ಕೆ ಖರ್ಚು ಇಷ್ಟೇ ಎಂದು ಬರೆದುಕೊಟ್ಟರೆ, ಕಮ್ಮಿ ಬಿದ್ದದ್ದು ಮತ್ತೆ ಜನರ ತಲೆಗೇ ಬರುತ್ತದೆ ಅಲ್ವಾ?

ಫಿನ್‌ಲೆಂಡಿನ ರೀತಿ ನನಗೆ ಹೆಚ್ಚು ಹಿಡಿಸುತ್ತದೆ. ಅಲ್ಲಿ 1988ರಲ್ಲೇ ನಿಧಿ ಶುರುವಾಯಿತು. ಇರುವ ಕಸವನ್ನು ನಿಭಾಯಿಸಲು ಇನ್ನೂ ಎಷ್ಟು ಖರ್ಚಾದೀತು ಎಂದು ಆಗಾಗ ಹೊಸದಾಗಿ ಲೆಕ್ಕ ಹಾಕುತ್ತಾರೆ, ಕಂಪನಿಗಳು ಅದಕ್ಕೆ ತಕ್ಕಂತೆ ತುಂಬಬೇಕು. ನಾಳೆ ಕಂಪನಿ ಮುಳುಗಿದರೂ ದುಡ್ಡು ನಿಧಿಯಲ್ಲಿರುತ್ತದೆ. 2004ರಿಂದ ಓಲ್ಕಿಲುವೊಟೊ ಎಂಬ ದ್ವೀಪದಲ್ಲಿ ಬಂಡೆ ಕೊರೆದು, 400 ಮೀಟರಿಗೂ ಆಳದಲ್ಲಿ ಒಂಕಾಲೊ ಎಂಬ ಸುರಂಗ ಮಾಡಿದ್ದಾರೆ. ಬಳಸಿದ ಇಂಧನ ತಾಮ್ರದ ಡಬ್ಬಿಯಲ್ಲಿ, ಸುತ್ತ ಬೆಂಟೊನೈಟ್ ಮಣ್ಣು. ಆ ಇಂಧನದಲ್ಲಿರುವ ಪ್ಲುಟೋನಿಯಂ-239 ಎಂಬ ವಿಕಿರಣ ವಸ್ತು ಅರ್ಧಕ್ಕೆ ಇಳಿಯಲು ಸುಮಾರು 24,000 ವರ್ಷ ಬೇಕು. ಅಷ್ಟು ಕಾಲ ಯಾವ ಕಂಪನಿ, ಯಾವ ಸರ್ಕಾರ ಉಳಿದೀತು? ಅದಕ್ಕೇ ಕಾವಲು ಬೇಡದಂತೆ ಹೂಳುತ್ತಾರೆ.

ದುಡ್ಡೊಂದಿದ್ದರೆ ಸಾಲದು ಅನ್ನುವುದಕ್ಕೆ ಅಮೆರಿಕವನ್ನು ನೋಡಿ. 1982ರ ಕಾನೂನಿನಂತೆ ಒಂದು ಯೂನಿಟ್ ಅಣುವಿದ್ಯುತ್ತಿಗೆ ಸೆಂಟಿನ ಹತ್ತರಲ್ಲೊಂದು ಭಾಗ ಕೂಡಿಸಿದರು. ನಿಧಿ 4,000 ಕೋಟಿ ಡಾಲರ್ ದಾಟಿದೆ. 1998ರಿಂದ ಕಸ ಒಯ್ಯುತ್ತೇವೆ ಅಂದಿದ್ದ ಸರ್ಕಾರಕ್ಕೆ ಇಂದಿಗೂ ಜಾಗವಿಲ್ಲ. 2014ರಲ್ಲಿ ಶುಲ್ಕ ವಸೂಲಿಯೂ ನಿಂತಿತು. ಮಾತು ತಪ್ಪಿದ್ದಕ್ಕೆ ಕಂಪನಿಗಳಿಗೆ ಪರಿಹಾರ ಕೊಡುತ್ತಿರುವುದು ತೆರಿಗೆ ದುಡ್ಡಿನಿಂದ.

ನಮ್ಮ ಭಾರತದ್ದು ಇನ್ನೊಂದೇ ರೀತಿ. ಬಳಸಿದ ಇಂಧನ ನಮಗೆ ಕಸವಲ್ಲ. ಮರುಸಂಸ್ಕರಿಸಿ, ಮತ್ತೆ ಇಂಧನವಾಗಿ ಬಳಸಲು ಪ್ಲುಟೋನಿಯಂ ತೆಗೆಯುತ್ತೇವೆ, ಉಳಿದ ಕಟು ವಿಕಿರಣದ ಭಾಗವನ್ನು ಗಾಜಿನಲ್ಲಿ ಬೆರೆಸಿ ಇಡುತ್ತೇವೆ. ಇದರಿಂದ ಕಸದ ಗಾತ್ರ ತುಂಬಾ ಇಳಿಯುತ್ತದೆ. ಇದು ಹೆಮ್ಮೆಯ ಕೆಲಸವೇ. ದುಡ್ಡಿನ ಮಾತಿಗೆ ಬಂದರೆ, ಸ್ಥಾವರ ಕಳಚಲು ಯೂನಿಟ್ಟಿಗೆ 2 ಪೈಸೆ ತೆಗೆದಿಡುತ್ತಾರೆ. ಗಾಜಿನ ಕಸವನ್ನು ಮುಂದೆ ನೆಲದಾಳದಲ್ಲಿ ಇಡುವ ಖರ್ಚಿಗೂ ಅಂಥದೇ ಬೇರೆ ಬೀಗದ ಪೆಟ್ಟಿಗೆ ಬೇಕು ಅನ್ನುವುದು ನನ್ನ ಒತ್ತಾಯ. ಬಜೆಟ್ಟಿನಿಂದ ವರ್ಷವರ್ಷ ಬರುವ ದುಡ್ಡು ಒಂದು ವರ್ಷ ಬರುತ್ತದೆ, ಇನ್ನೊಂದು ವರ್ಷ ಕಮ್ಮಿಯಾಗುತ್ತದೆ. 2047ರ ಹೊತ್ತಿಗೆ 100 ಗಿಗಾವಾಟ್ ಅಣುವಿದ್ಯುತ್ ಅನ್ನುವ ಗುರಿ ಇಟ್ಟುಕೊಂಡಿದ್ದೇವೆ. ಖಾಸಗಿಯವರಿಗೆ ಬಾಗಿಲು ತೆರೆಯುವ ಮಾತೂ 2025ರ ಬಜೆಟ್ಟಿನಲ್ಲೇ ಬಂತು. ಅವರ ಮೊದಲ ಯೂನಿಟ್ ಕರೆಂಟಿನಿಂದಲೇ ಆ ಪೆಟ್ಟಿಗೆ ತುಂಬಲಿ.

ಸರ್ಕಾರದ ದುಡ್ಡು ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ, ವಿಶ್ವವಿದ್ಯಾಲಯದ ಹಳೆಯ ಯಂತ್ರದೊಳಗಿದ್ದ ಕೋಬಾಲ್ಟ್-60 ಎಂಬ ವಿಕಿರಣ ವಸ್ತು ಗುಜರಿಗೆ ಹೋಗಿ ಒಬ್ಬರ ಜೀವ ಹೋಯಿತು. ಅಂಥ ಹಳೆಯ, ವಾರಸುದಾರರಿಲ್ಲದ ವಸ್ತುಗಳನ್ನು ಹುಡುಕಿ ತರಲು ಸರ್ಕಾರವೇ ಧಾರಾಳವಾಗಿ ಖರ್ಚು ಮಾಡಬೇಕು.

2012ರಲ್ಲಿ ಕೂಡಂಕುಳಂ ಅಣುಸ್ಥಾವರದ ಕಸವನ್ನು ಕೋಲಾರದ ಚಿನ್ನದ ಗಣಿಯಲ್ಲಿ ಇಡುವ ಮಾತು ಸುಪ್ರೀಂ ಕೋರ್ಟಿನಲ್ಲಿ ಬಂದಾಗ ಕೆಜಿಎಫ್ ಜನ ಬೀದಿಗಿಳಿದರು. ಆಮೇಲೆ ಅಂಥ ಯೋಜನೆ ಇಲ್ಲ ಎಂದು ಸರ್ಕಾರದವರು ಹೇಳಿದರು. ಯಾರಿಗೂ ಮೊದಲು ಏನೂ ಹೇಳಿರಲಿಲ್ಲ, ಅದಕ್ಕೇ ಅಷ್ಟು ಭಯ. ಕೆನ್ಫೋ ತನ್ನ ದುಡ್ಡು ಎಲ್ಲೆಲ್ಲಿದೆ ಎಂದು ಪ್ರತಿ ವರ್ಷ ವರದಿ ಹಾಕುತ್ತದೆ, ನಾನು ಮನೆಯಲ್ಲೇ ಕೂತು ಓದುತ್ತೇನೆ. ಯೂನಿಟ್ಟಿಗೆ 2 ಪೈಸೆಯಂತೆ ಈವರೆಗೆ ಎಷ್ಟು ಸೇರಿದೆ, ಎಲ್ಲಿದೆ, ಮುಂದಿನ ಖರ್ಚಿಗೆ ಎಷ್ಟು ಸಾಲದು ಎಂಬ ಲೆಕ್ಕ ವರ್ಷಕ್ಕೊಮ್ಮೆ ಕನ್ನಡದಲ್ಲೂ ಬರಲಿ. ಕೈಗಾ ಸುತ್ತಲಿನವರು, ಕೆಜಿಎಫ್‌ನವರು ಅದನ್ನು ಓದಿ ಪ್ರಶ್ನೆ ಕೇಳಲಿ.