ಗುಡ್ಡೆ ಉಳಿಸುವುದು, ತಂಪು ಮನೆ ಕಟ್ಟುವುದು ಊರವರ ಕೆಲಸವೇ?

ಪರ

ಡಿಸೆಂಬರಿನಲ್ಲಿ ಒಂದು ದಿನ ಕಾಸರಗೋಡಿನ ನಮ್ಮ ಊರಿನಲ್ಲಿ ಅಡಿಕೆ ಕೊಯ್ಲೂ ಇಲ್ಲ, ಸೊಪ್ಪು ತರುವುದೂ ಇಲ್ಲ. ಅದು ತೋಡಿಗೆ ಕಟ್ಟ ಹಾಕುವ, ಅಂದರೆ ಹಳ್ಳಕ್ಕೆ ಅಡ್ಡಲಾಗಿ ತಾತ್ಕಾಲಿಕ ಒಡ್ಡು ಕಟ್ಟುವ ದಿನ. ಅಷ್ಟರಲ್ಲಿ ಮಳೆ ಪೂರ್ತಿ ಬಿಟ್ಟು ನೀರು ಮೊಣಕಾಲ ಮಟ್ಟಕ್ಕೆ ಇಳಿದಿರುತ್ತದೆ. ಹನ್ನೊಂದು ಮನೆಯವರು ಹಾರೆ, ಬುಟ್ಟಿ ಹಿಡಿದು ಇಳಿಯುತ್ತೇವೆ. ಅಜ್ಜನ ಕಾಲದಲ್ಲಿ ಕಾಟುಕಲ್ಲು, ಅಡಿಕೆ ಮರದ ಸೀಳು, ಸೊಪ್ಪು ಹಾಕಿ ಮಣ್ಣು ಮೆಟ್ಟಿ ಕಟ್ಟುತ್ತಿದ್ದರು. ಈಗ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಸೇರಿಕೊಂಡಿದೆ, ಅಷ್ಟೇ ವ್ಯತ್ಯಾಸ. ಮಧ್ಯಾಹ್ನಕ್ಕೆ ಗಂಜಿ, ಉಪ್ಪಿನಕಾಯಿ. ಸಂಜೆಯ ಹೊತ್ತಿಗೆ ನೀರು ಮೇಲೇರಿ ಕಟ್ಟದ ತಲೆ ಮುಟ್ಟುತ್ತದೆ. ವಾರ ಕಳೆದರೆ ಆಚೀಚೆ ಮನೆಗಳ ಬಾವಿಯಲ್ಲಿ ಹಗ್ಗ ಎರಡು ಸುತ್ತು ಕಡಿಮೆ ಸಾಕು. ಏತಡ್ಕ ಎಂಬ ಊರಿನವರು ಒಂದೇ ತೋಡಿಗೆ ಸಾಲಾಗಿ ಕಟ್ಟಗಳನ್ನು ಹಾಕಿ ಇಡೀ ಊರನ್ನೇ ತಂಪಾಗಿ ಇಟ್ಟುಕೊಂಡದ್ದು ಕಾಸರಗೋಡಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ.

ಆ ದಿನ ನಾವು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ನನ್ನ ವಾದ ಇಷ್ಟೇ. ಕೂಡಿದರೆ ಆಗುತ್ತದೆ, ಕೂಡದಿದ್ದರೆ ಯಾವ ಯೋಜನೆ ಬಂದರೂ ಆಗುವುದಿಲ್ಲ.

ನಮ್ಮ ಜಿಲ್ಲೆಯ ಮೇಲೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಸಾವಿರ ಚದರಡಿಯ ಒಂದು ಮಾಡಿನ, ಅಂದರೆ ಮನೆಯ ಸೂರಿನ, ಮೇಲೆಯೇ ಮೂರು ಲಕ್ಷ ಲೀಟರಿಗಿಂತ ಹೆಚ್ಚು ನೀರು. ಆದರೂ ಮಾರ್ಚ್ ಕಳೆಯುವ ಮೊದಲೇ ಗುಡ್ಡೆಯ ಮೇಲಿನ ಮನೆಗಳಿಗೆ ಟ್ಯಾಂಕರ್ ಹತ್ತುತ್ತದೆ. ಏಕೆಂದರೆ ನೀರನ್ನು ಹಿಡಿಯುತ್ತಿದ್ದ ಜಾಗಗಳನ್ನು ನಾವೇ ಮುಚ್ಚಿದೆವು. ಗುಡ್ಡೆಯ ನೆತ್ತಿಯ ಮುರಕಲ್ಲಿನ (ಜಂಬಿಟ್ಟಿಗೆಯ) ಬಯಲೇ ಪಾರೆ. ಅದರ ನಡುವಿನ ಪಳ್ಳಗಳನ್ನು, ಅಂದರೆ ನೀರು ನಿಲ್ಲುವ ಹೊಂಡಗಳನ್ನು ನೋಡಿ. ಮಳೆಗಾಲದಲ್ಲಿ ತುಂಬಿ, ನವೆಂಬರಿನವರೆಗೂ ದನಗಳಿಗೆ ನೀರು ಕೊಟ್ಟು, ಮುರಕಲ್ಲಿನ ತೂತುಗಳ ಮೂಲಕ, ನೀರಿಗಾಗಿ ಗುಡ್ಡೆಯ ಬದಿಗೆ ಅಡ್ಡಲಾಗಿ ಕೊರೆದ ಕೆಳಗಿನ ಸುರಂಗಗಳಿಗೂ ಬಾವಿಗಳಿಗೂ ಇಳಿಯುತ್ತಿದ್ದ ನೀರದು. ಪಳ್ಳತ್ತಡ್ಕ ಎಂಬ ಊರಿನ ಹೆಸರಿನಲ್ಲಿ ಪಳ್ಳವೂ ಇದೆ, ಅಡ್ಕವೂ, ಅಂದರೆ ಪಾರೆಯ ಬಯಲೂ ಇದೆ. ಹೆಸರು ಇಟ್ಟವರಿಗೆ ಎರಡರ ಬೆಲೆಯೂ ತಿಳಿದಿತ್ತು. ನಮ್ಮ ಪಳ್ಳಕ್ಕೆ ಮಣ್ಣು ತುಂಬಿಸಿ ಆಟದ ಬಯಲು ಮಾಡಿದಾಗ ನಾನೂ ಚಪ್ಪಾಳೆ ತಟ್ಟಿದ್ದೆ. ಮೂರನೆಯ ವರ್ಷ ಕೆಳಗಿನ ಮನೆಯ ಸುರಂಗ ಫೆಬ್ರವರಿಗೇ ಬತ್ತಿತು. ಆ ಸುರಂಗ ತೋಡಿದ್ದು ನನ್ನ ಅಜ್ಜ. ಒಳಗೆ ಕುಕ್ಕರುಗಾಲಲ್ಲಿ ಕೂತು, ಚಿಮಣಿ ದೀಪ ಆರಿದರೆ ಹೊರಗೆ ಬರುತ್ತ, ಎರಡು ಬೇಸಿಗೆ ತೋಡಿದ್ದರಂತೆ. ಬತ್ತಿದ ದಿನ ಅದರ ಬಾಯಲ್ಲಿ ನಿಂತು ನನಗೆ ಅಳು ಬಂತು.

ಗುಡ್ಡೆಯಲ್ಲಿ ಸಸಿ ನೆಟ್ಟರೆ ಎಲ್ಲ ಸರಿಯಾಗುತ್ತದೆ ಎನ್ನುವವರಿಗೂ ನನ್ನ ಒಂದು ಮಾತಿದೆ. ಪಾರೆಯ ಮೇಲೆ ಕಾಡು ಇರಲಿಲ್ಲ, ಇದ್ದದ್ದು ಮುಳಿಹುಲ್ಲು. ಮಳೆಗಾಲದ ಕೊನೆಗೆ ಅಲ್ಲಿ ಮಲೆಯಾಳಿಗಳು ಕಾಕ್ಕಪ್ಪೂ ಎನ್ನುವ, ಹುಳ ಹಿಡಿದು ತಿನ್ನುವ ಪುಟ್ಟ ಗಿಡದ ಹೂ ನೀಲಿಯಾಗಿ ಹರಡುತ್ತದೆ. ಅಲ್ಲಿ ಅಕೇಶಿಯಾ ನೆಟ್ಟು ಹಸಿರಾಯಿತು ಎಂದುಕೊಂಡದ್ದು ತಪ್ಪು. ಪಾರೆಯನ್ನು ಪಾರೆಯಾಗಿ, ಬನವನ್ನು ಬನವಾಗಿ, ಗದ್ದೆಯನ್ನು ಗದ್ದೆಯಾಗಿ ಬಿಡಬೇಕು. ಯಾವುದು ಎಲ್ಲಿ ಇತ್ತು ಎಂದು ಬಲ್ಲವರು ಊರಿನ ಹಿರಿಯರೇ ಹೊರತು ನಕ್ಷೆ ಹಿಡಿದು ಬಂದವರಲ್ಲ.

ಇನ್ನು ಮನೆಯ ವಿಷಯ. ಜಗತ್ತು ಗಾಳಿಗೆ ಬಿಡುವ ಇಂಗಾಲಾಮ್ಲದಲ್ಲಿ ನೂರಕ್ಕೆ 7ರಿಂದ 8 ಪಾಲು ಸಿಮೆಂಟಿನದು. ಸುಣ್ಣಕಲ್ಲನ್ನು 1450 ಡಿಗ್ರಿಯಲ್ಲಿ ಸುಡುವಾಗ ಉರುವಲಿನ ಹೊಗೆಯ ಜೊತೆಗೆ ಕಲ್ಲಿನೊಳಗಿನ ಇಂಗಾಲವೂ ಹೊರಬೀಳುತ್ತದೆ. 50 ಕಿಲೋದ ಒಂದು ಚೀಲಕ್ಕೆ ಸುಮಾರು 30 ಕಿಲೋ ಎಂದು ಲೆಕ್ಕ. ಸಾವಿರ ಚದರಡಿಯ ತಾರಸಿ ಮನೆಗೆ 400 ಚೀಲ ಬೇಕು ಎನ್ನುತ್ತಾರೆ ಮೇಸ್ತ್ರಿಗಳು. ಅಂದರೆ ಒಲೆ ಹೊತ್ತಿಸುವ ಮೊದಲೇ ಆ ಮನೆ 12 ಟನ್ ಹೊಗೆಯ ಸಾಲ ಹೊತ್ತಿರುತ್ತದೆ. ಇಷ್ಟೆಲ್ಲ ಮಾಡಿ ಕಟ್ಟಿದ ತಾರಸಿ ನಾಲ್ಕನೆಯ ಮಳೆಗಾಲಕ್ಕೆ ಸೋರುತ್ತದೆ. ಆಗ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಶೀಟು ಹೊದಿಸುತ್ತೇವೆ. ಬದಿಯಡ್ಕದಿಂದ ಪೆರ್ಲದವರೆಗೆ ಬಸ್ಸಿನಲ್ಲಿ ಕೂತು ಎಣಿಸಿ, ಒಂದು ಮನೆಗೆ ಎರಡೆರಡು ಮಾಡು!

ನಮ್ಮ ಅಜ್ಜಂದಿರು ಮುರಕಲ್ಲಿನ ಗೋಡೆ, ಕುಮ್ಮಾಯದ ಗಾರೆ, ಹಂಚಿನ ಮಾಡು, ಅದರ ಕೆಳಗೆ ಮರ ಮಣ್ಣಿನ ಮುಚ್ಚಿಗೆ ಎಂದು ಕಟ್ಟಿದರು. ಮುರಕಲ್ಲನ್ನು ಸುಡಬೇಕಾಗಿಲ್ಲ. ಕುಮ್ಮಾಯ ಸುಟ್ಟ ಸುಣ್ಣವೇ ಆದರೂ ಗಟ್ಟಿಯಾಗುತ್ತ ಗಾಳಿಯಿಂದ ಇಂಗಾಲವನ್ನು ಮರಳಿ ಹೀರುತ್ತದೆ. ಹಂಚು ನಮ್ಮ ಕರಾವಳಿಯ ಮಣ್ಣಿನದೇ. ಬಾಸೆಲ್ ಮಿಶನ್‌ನವರು 1860ರ ದಶಕದಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ್ದು. ತಾರಸಿಯೇ ಬೇಕು ಎನ್ನುವವರಿಗೂ ದಾರಿ ಇದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಕೇರಳದಲ್ಲಿ ನೆಲೆಸಿದ ವಾಸ್ತುಶಿಲ್ಪಿ ಲಾರಿ ಬೇಕರ್, ತಾರಸಿಯ ಕಾಂಕ್ರೀಟಿನ ಕೆಳಭಾಗದಲ್ಲಿ ಹಳೆಯ ಹಂಚುಗಳನ್ನು ಹುದುಗಿಸಿ ಸಿಮೆಂಟು, ಕಬ್ಬಿಣ ಎರಡನ್ನೂ ಉಳಿಸಿ ತೋರಿಸಿದರು. ಅವರ ದಾರಿಯನ್ನೇ ಹಿಡಿದ ಕೋಸ್ಟ್‌ಫೋರ್ಡ್ ಸಂಸ್ಥೆ 1985ರಿಂದ ಕೆಲಸ ಮಾಡುತ್ತಿದೆ. ನನ್ನ ಮನೆಯ ಎರಡು ಕೋಣೆಗಳಿಗೆ ಅಂಥದೇ ಮಾಡು. ನಮ್ಮ ಮೇಸ್ತ್ರಿ ಮೊದಲು, "ಮಾಷ್ಟ್ರೇ, ನಾಳೆ ಬಿದ್ದರೆ ನನ್ನ ಹೆಸರು ಹೇಳಬೇಡಿ" ಎಂದಿದ್ದರು. ಈಗ ಅವರೇ ತಮ್ಮ ಮಗಳ ಮನೆಗೆ ಹಾಗೇ ಮಾಡಿದ್ದಾರೆ. ಏಪ್ರಿಲಿನ ಮಧ್ಯಾಹ್ನವೂ ಫ್ಯಾನ್ ಇಲ್ಲದೆ ಆ ಕೋಣೆಗಳಲ್ಲಿ ನಿದ್ದೆ ಬರುತ್ತದೆ.

ಇದು ಊರಿನ ಕೆಲಸ ಹೇಗೆ ಎಂದರೆ, ಒಂದು ಹಳೆ ಮನೆ ಒಡೆದಾಗ ಅದರ ಹಂಚು, ಪಕ್ಕಾಸು, ಬಾಗಿಲು ಗುಜರಿಗೆ ಹೋಗದೆ ಊರಲ್ಲೇ ಇನ್ನೊಂದು ಮನೆಗೆ ಏರಬೇಕು. ಮುಚ್ಚಿಗೆ ಕೆಲಸ ಬಲ್ಲ ಆಚಾರಿಗಳು ಇನ್ನೂ ಇರುವಾಗಲೇ ನಾಲ್ಕು ಹುಡುಗರು ಕಲಿಯಬೇಕು. ಸೌರವಿದ್ಯುತ್ತಿಗೆ 2024ರಿಂದ ಕೇಂದ್ರದ ಸಹಾಯಧನ 3 ಕಿಲೋವಾಟಿಗೆ 78,000 ರೂಪಾಯಿ ಇದೆ, ಹತ್ತು ಮನೆಯವರು ಒಟ್ಟಿಗೆ ಹೋದರೆ ಓಡಾಟ ಕಡಿಮೆ. ವಯನಾಡಿನ ಮೀನಂಗಾಡಿ ಪಂಚಾಯತು 2016ರಲ್ಲಿಯೇ, ಗಾಳಿಗೆ ಬಿಡುವಷ್ಟೇ ಇಂಗಾಲವನ್ನು ಹೀರಿಸಿ ಲೆಕ್ಕ ಸರಿದೂಗಿಸಲು ಹೊರಟಿತು. ಅಲ್ಲಿನ ರೈತರು ತಮ್ಮ ಮರಗಳನ್ನು ಈಡಿಟ್ಟು ಬಡ್ಡಿಯಿಲ್ಲದ ಸಾಲ ಪಡೆಯುವ ಏರ್ಪಾಡು ಆಯಿತು. ಅವರಿಗೆ ಆದದ್ದು ನಮಗೇಕೆ ಆಗದು?

ಊರವರಿಂದ ಏನಾಗುತ್ತದೆ ಎಂದು ಮೂಗು ಮುರಿಯುವವರು, ನಾವೆಲ್ಲ ಮತ್ತೆ ಸೋಗೆ ಗುಡಿಸಲಿಗೆ ಹೋಗಬೇಕೇ ಎಂದು ಕೇಳುತ್ತಾರೆ. ಅವರಿಗೆ ಗೇರು ತೋಟದ ಕಥೆ ನೆನಪಿರಲಿ. 1970ರ ದಶಕದ ಕೊನೆಯಿಂದ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಜೇನು ಸತ್ತಿತು, ಮೀನು ಸತ್ತಿತು, ಪಡ್ರೆ, ಸ್ವರ್ಗ ಎಂಬ ಊರುಗಳ ಮನೆಗಳಲ್ಲಿ ಮಕ್ಕಳು ನರಳಿದರು. ವಿಷ ಎಂದು ಮೊದಲು ಹೇಳಿದ್ದು ಊರಿನ ವೈದ್ಯರು, ಊರಿನ ಪತ್ರಕರ್ತರು, ಊರಿನ ತಾಯಂದಿರು. 2000ದ ಕೊನೆಗೆ ಹೆಲಿಕಾಪ್ಟರ್ ನಿಂತಿತು. ಅದನ್ನು ನಿಲ್ಲಿಸಿದ ಊರು ಒಂದು ಪಳ್ಳದ ಹೂಳು ತೆಗೆಯಲಾರದೇ?

ವಿರೋಧ

ವಿರೋಧದ ಕಡೆ ಬರೆಯಲು ನನ್ನನ್ನು ಕೇಳಿದ್ದಾರೆ. ಗುಡ್ಡೆ ಬೇಡ ಎಂದು ನಾನು ಬರೆಯಲಾರೆ. ಕಟ್ಟ ಹಾಕುವ ದಿನ ನಮ್ಮ ಮನೆಯಿಂದಲೂ ಚಹಾದ ಪಾತ್ರೆ ಹೋಗುತ್ತದೆ. ಆದರೆ "ಊರವರ ಕೆಲಸವೇ" ಎಂದು ಕೇಳಿದರೆ, ಅಲ್ಲ ಎನ್ನಲು ನನಗೆ ಕಾರಣಗಳಿವೆ.

ಮೊದಲನೆಯದಾಗಿ, ಊರು ಎಂದರೆ ಯಾರು? ಕಟ್ಟದ ನೀರು ತೋಟ ಇದ್ದವರಿಗೆ. ಗುಡ್ಡೆಯ ಮೇಲೆ ಐದು ಸೆಂಟ್ಸ್ ಜಾಗದಲ್ಲಿ ಇರುವವರಿಗೆ ಅದರಿಂದ ಒಂದು ಕೊಡವೂ ಸಿಗದು. ಅವರ ಮನೆ ಸರಕಾರದ ಲೈಫ್ ಯೋಜನೆಯ ನಾಲ್ಕು ಲಕ್ಷ ರೂಪಾಯಿಯಲ್ಲಿ ಏಳಬೇಕು. ತಳಪಾಯ ಆದರೆ ಒಂದು ಕಂತು, ಗೋಡೆ ಎದ್ದರೆ ಇನ್ನೊಂದು. ಮುಚ್ಚಿಗೆಗೆ ಮರ ಎಲ್ಲಿಂದ ತರುವುದು, ಹಳೆ ಆಚಾರಿ ಯಾವಾಗ ಸಿಗುತ್ತಾರೆ ಎಂದು ಕಾಯುವಷ್ಟು ಬಿಡುವು ಅವರಿಗಿಲ್ಲ.

ಎರಡನೆಯದಾಗಿ, ಹಂಚಿನ ಮನೆಯನ್ನು ಹೊಗಳುವವರು ಹೆಚ್ಚಾಗಿ ಅದರಲ್ಲಿ ಗುಡಿಸಿ ಸಾರಿಸಿದವರಲ್ಲ. ನಾನು ಹಂಚಿನ ಮನೆಯಲ್ಲಿ ಹುಟ್ಟಿದವಳು. ತಂಪು ಎನ್ನುವುದು ನಿಜ. ಆದರೆ ವರ್ಷವೂ ಮೇ ತಿಂಗಳಲ್ಲಿ ಹಂಚು ಕೈಯಾಡಿಸಬೇಕು, ಗೆದ್ದಲು ಹಿಡಿದ ರೀಪು ಬದಲಿಸಬೇಕು. ಅಪ್ಪ ಇರುವಷ್ಟು ದಿನ ಅದು ಹೇಗೋ ನಡೆಯಿತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಬ್ಬರೇ. ಅಣ್ಣಂದಿರು ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಗಲ್ಫಿನಲ್ಲಿ. ಹಂಚು ಕೈಯಾಡಿಸುತ್ತಿದ್ದ ಕೆಲಸದವರಿಗೂ ವಯಸ್ಸಾಗಿ ಮಾಡು ಹತ್ತಲು ಆಗುತ್ತಿರಲಿಲ್ಲ. ಮಂಗಗಳ ಹಿಂಡು ತೋಟದಿಂದ ಮಾಡಿಗೆ ಹಾರಿದರೆ ಒಂದೇ ಬೆಳಗ್ಗೆಗೆ ಹತ್ತು ಹಂಚು ಒಡೆಯುತ್ತಿತ್ತು. ಒಂದು ಆಷಾಢದ ರಾತ್ರಿ ಮುಚ್ಚಿಗೆಯಿಂದ ಕೆಂಪು ನೀರು ಇಳಿಯಲು ಶುರುವಾಯಿತು. ಅಮ್ಮ ಹಾಸಿಗೆಯನ್ನು ಮೂರು ಸಲ ಬೇರೆ ಬೇರೆ ಮೂಲೆಗೆ ಎಳೆದರಂತೆ. ನಾಲ್ಕನೆಯ ಸಲ ಚಾವಡಿಯ ಒದ್ದೆ ನೆಲದಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಬೆಳಗ್ಗೆ ಹಾಲಿನವನು ಬರುವವರೆಗೂ ಹಾಗೆಯೇ ಬಿದ್ದಿದ್ದರು. ಊರು ನಮ್ಮದೇ, ಒಳ್ಳೆಯವರೇ, ಆಸ್ಪತ್ರೆಗೆ ಹೊತ್ತುಕೊಂಡು ಹೋದವರೂ ಅವರೇ. ಆದರೆ ವರ್ಷ ವರ್ಷವೂ ಇನ್ನೊಬ್ಬರ ಮಾಡು ಹತ್ತಲು ಯಾವ ಊರಿಗೂ ಪುರುಸೊತ್ತಿಲ್ಲ. ಆ ಮೇಲೆ ನಾವು ತಾರಸಿ ಹಾಕಿಸಿದೆವು. ಕೊನೆಯ ಆರು ಮಳೆಗಾಲ ಅಮ್ಮ ಒಣ ಹಾಸಿಗೆಯಲ್ಲಿ ಮಲಗಿದರು. ಅಡಿಕೆ ಒಣಗಿಸಲು ಅಂಗಳವೂ ಆಯಿತು. ಆ 400 ಚೀಲ ಸಿಮೆಂಟಿಗೆ ನಾನು ಪಶ್ಚಾತ್ತಾಪ ಪಡಬೇಕು ಎನ್ನುವುದಾದರೆ, ನನಗೆ ಆಗುವುದಿಲ್ಲ.

ಮುರಕಲ್ಲಿನ ಗೋಡೆ ಇಂಗಾಲ ಉಳಿಸುತ್ತದೆ ಎನ್ನುತ್ತಾರೆ. ಮುರಕಲ್ಲು ಬರುವುದು ಅದೇ ಗುಡ್ಡೆಯಿಂದ. ಕಲ್ಲಿನ ಕೋರೆ ಇಳಿದಷ್ಟೂ ಪಳ್ಳವೂ ಹೋಯಿತು, ಸುರಂಗದ ನೀರೂ ಹೋಯಿತು. ಈ ಲೆಕ್ಕವನ್ನು ಅವರು ಸಿಮೆಂಟಿನ ಲೆಕ್ಕದಷ್ಟು ಚೆನ್ನಾಗಿ ಬಿಡಿಸಿ ಹೇಳುವುದಿಲ್ಲ.

ಗದ್ದೆಯ ಮಾತೂ ಹಾಗೆಯೇ. ನಮ್ಮ ಬಯಲಿನ ಗದ್ದೆಗಳಲ್ಲಿ ಅಡಿಕೆ ಸಸಿ ನೆಟ್ಟವರು ಹೊರಗಿನಿಂದ ಬಂದವರಲ್ಲ, ನಾವೇ. ಉಳಿದ ಗದ್ದೆಗೆ ಮಣ್ಣು ಬೀಳದಂತೆ ತಡೆದದ್ದು 2008ರ ಗದ್ದೆ ಮತ್ತು ಜೌಗು ನೆಲ ಸಂರಕ್ಷಣೆಯ ಕಾನೂನು. ಎಂಡೋಸಲ್ಫಾನಿನ ವಿರುದ್ಧ ಊರು ಕೂಗಿದ್ದು ಹೌದು. ಆದರೆ ದೇಶದಲ್ಲೆಲ್ಲ ಅದನ್ನು ತಡೆದದ್ದು 2011ರಲ್ಲಿ ಸುಪ್ರೀಂ ಕೋರ್ಟು. ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಿ ಎಂದು 2017ರಲ್ಲಿ ಹೇಳಿದ್ದೂ ಅದೇ ಕೋರ್ಟು. ಕಾಸರಗೋಡು ಪೇಟೆಯವರು ಬೇಸಿಗೆ ಬೇಸಿಗೆಯೂ ಉಪ್ಪುನೀರು ಕುಡಿದರು. ಪೇಟೆಗೆ ನೀರು ಕೊಡುವ ಹೊಳೆಗೆ ಕಡಲ ನೀರು ಏರದಂತೆ ಬಾವಿಕ್ಕೆರೆಯಲ್ಲಿ ಹಾಕಿದ ಮರಳಚೀಲದ ತಾತ್ಕಾಲಿಕ ಒಡ್ಡು ನಿಲ್ಲಲಿಲ್ಲ. ಶಾಶ್ವತವಾದದ್ದನ್ನು ಸರಕಾರವೇ ಕಟ್ಟಬೇಕಾಯಿತು. ಗೆದ್ದಲ್ಲೆಲ್ಲ ಊರಿನ ಹೆಸರು, ಸೋತಲ್ಲೆಲ್ಲ ಸರಕಾರದ ಹೆಸರು ಹೇಳಿದರೆ ಸಾಲದು.

ಮತ್ತೆ, ಕೂಡಿದರೆ ಆಗುತ್ತದೆ ಎನ್ನುವಾಗ ಕೂಡುವವರು ಯಾರು ಎಂದೂ ನೋಡಬೇಕು. ಉದ್ಯೋಗಖಾತರಿಯಲ್ಲಿ ಇಂಗುಗುಂಡಿ ತೋಡುವವರು ಹೆಚ್ಚಾಗಿ ಹೆಂಗಸರು. ಸಸಿಗೆ ನೀರು ಹೊರುವವರೂ ನಾವೇ. 2019ರಲ್ಲಿ ಕಾಸರಗೋಡು, ಮಂಜೇಶ್ವರ ಬ್ಲಾಕುಗಳಲ್ಲಿ ಮೂರು ಲಕ್ಷ ಬಿದಿರು ಸಸಿ ನೆಡುವ ಯೋಜನೆ ಬಂದಾಗ ನಾನೂ ಗುಂಡಿ ತೋಡಿದವರಲ್ಲಿ ಒಬ್ಬಳು. ನೆಟ್ಟ ದಿನ ಫೋಟೋ ಇತ್ತು, ಭಾಷಣ ಇತ್ತು. ಮುಂದಿನ ಬೇಸಿಗೆಯಲ್ಲಿ ನಮ್ಮ ಸಾಲಿನ ಬುಡಕ್ಕೆ ನೀರು ಹಾಕಿದ್ದು ಮೂವರು ಹೆಂಗಸರು. ಆರು ಗಿಡ ಬದುಕಿದವು. ಅವನ್ನು ಈಗಲೂ ಹೋಗಿ ನೋಡುತ್ತೇನೆ.

ನಮ್ಮ ಮನೆಯ ಹಿಂದಿನ ಗುಡ್ಡೆಯನ್ನು ಯಾರೋ ಕೊಂಡರು, ಯಾರು ಎಂದು ಊರಿಗೆ ಗೊತ್ತಿಲ್ಲ. ಕಳೆದ ವರ್ಷದಿಂದ ಕಲ್ಲು ಕೊಯ್ಯುವ ಯಂತ್ರ ಬೆಳಗ್ಗೆ ಆರಕ್ಕೇ ಶುರುವಾಗುತ್ತದೆ, ತುಳಸಿಕಟ್ಟೆಯ ಮೇಲೆ ಕೆಂಪು ಧೂಳು. ಗ್ರಾಮಸಭೆಯಲ್ಲಿ ನಾವು ನಲವತ್ತು ಜನ ಕೈ ಎತ್ತಿದೆವು. ಎಲ್ಲರೂ ಸಹಿ ಹಾಕಿ ಕನ್ನಡದಲ್ಲಿ ಅರ್ಜಿ ಕೊಟ್ಟೆವು. ಏಳು ತಿಂಗಳ ಮೇಲೆ ಉತ್ತರ ಮಲೆಯಾಳದಲ್ಲಿ ಬಂತು. ನಮ್ಮ ಮನೆಯಲ್ಲಿ ಯಾರಿಗೂ ಓದಲು ಬಾರದು. ನಾವು ಇಚ್ಚ ಎಂದು ಕರೆಯುವ, ಮಲೆಯಾಳ ಬಲ್ಲ ನೆರೆಮನೆಯವರ ಬಳಿಗೆ ಕೊಂಡುಹೋದೆ. ಅವರು ಜಗಲಿಯಲ್ಲಿ ಕೂತು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ನಿಮ್ಮ ಅರ್ಜಿಯನ್ನು ಬೇರೆ ಆಫೀಸಿಗೆ ಕಳಿಸಿದ್ದಾರಂತೆ ಅಕ್ಕಾ" ಎಂದರು. ಯಾವ ಆಫೀಸು ಎಂದು ಕಾಗದದಲ್ಲಿ ಬರೆದಿರಲಿಲ್ಲ.