ಸತ್ಯಾಂಶ: ‘ಬರೀ ಥಿಯರಿ’ ಅಂದರೆ ಊಹೆಯಲ್ಲ

‘ವಿಕಾಸವಾದ ಬರೀ ಥಿಯರಿ, ಸಾಬೀತಾಗಿ ಇನ್ನೂ ನಿಯಮ ಆಗಿಲ್ಲ’ ಎನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಇದು ತಪ್ಪು. ಸಿದ್ಧಾಂತಕ್ಕೆ, ಅಂದರೆ ಥಿಯರಿಗೆ, ಬಡ್ತಿ ಸಿಕ್ಕಿ ನಿಯಮವಾಗುವುದಿಲ್ಲ. ಏನಾಗುತ್ತದೆ ಅಂತ ನಿಯಮ ಹೇಳುತ್ತದೆ. ಯಾಕೆ, ಹೇಗೆ ಅಂತ ವಿವರಿಸುವುದು ಸಿದ್ಧಾಂತ.

ಬುಧ ಗ್ರಹವನ್ನೇ ನೋಡಿ. ಅದು ಸೂರ್ಯನಿಗೆ ಅತಿ ಹತ್ತಿರ ಬರುವ ಜಾಗ ನಿಧಾನವಾಗಿ ಸರಿಯುತ್ತಾ ಹೋಗುತ್ತದೆ. ನ್ಯೂಟನ್‌ರ 1687ರ ಗುರುತ್ವ ನಿಯಮದಂತೆ, ಬೇರೆ ಗ್ರಹಗಳ ಸೆಳೆತವನ್ನೂ ಸೇರಿಸಿ ಲೆಕ್ಕ ಹಾಕಿದರೂ ಆ ಲೆಕ್ಕಕ್ಕೂ ಅಳತೆಗೂ ನೂರು ವರ್ಷಕ್ಕೆ ಸುಮಾರು 43 ಆರ್ಕ್‌ಸೆಕೆಂಡ್ ವ್ಯತ್ಯಾಸ ಉಳಿಯುತ್ತಿತ್ತು. ಒಂದು ಡಿಗ್ರಿಗೆ 3600 ಆರ್ಕ್‌ಸೆಕೆಂಡ್. ಅಷ್ಟು ಸಣ್ಣ ವ್ಯತ್ಯಾಸವನ್ನೂ ವಿಜ್ಞಾನಿಗಳು ಸುಮ್ನೆ ಬಿಡಲಿಲ್ಲ. ಲೆಕ್ಕ ಸರಿಹೋಗಿದ್ದು 1915ರಲ್ಲಿ, ಐನ್‌ಸ್ಟೈನ್‌ರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದಿಂದ. ಅದನ್ನು ಇವತ್ತಿಗೂ ಸಿದ್ಧಾಂತ ಅಂತಲೇ ಕರೆಯುತ್ತೇವೆ.

ಗೊಂದಲ ಸಹಜ. ಮಾತಿನಲ್ಲಿ ‘ನಂದೊಂದು ಥಿಯರಿ ಇದೆ’ ಅಂದರೆ ಊಹೆ. ಕಾಲೇಜಲ್ಲಿ ಪ್ರಾಕ್ಟಿಕಲ್ ಅಲ್ಲದ್ದೆಲ್ಲ ಥಿಯರಿ. ಹಾಗಾಗಿ ಕಳಿಸಿದವರನ್ನು ದೂರುವುದು ನ್ಯಾಯವಲ್ಲ.

ನೀವೇ ಪರೀಕ್ಷಿಸಬಹುದು. ಸಂದೇಶದಲ್ಲಿರುವ ‘ವಿಕಾಸವಾದ’ ತೆಗೆದು ‘ರೋಗಾಣು ಸಿದ್ಧಾಂತ’ (ಸೂಕ್ಷ್ಮಜೀವಿಗಳಿಂದ ರೋಗ ಬರುತ್ತದೆ ಎನ್ನುವುದು) ಅಂತ ಹಾಕಿ ಓದಿ. ನಾವು ಸೋಪು ಹಚ್ಚಿ ಕೈ ತೊಳೆಯುವುದು ಅದನ್ನು ನಂಬಿಯೇ, ಅಲ್ವಾ? ಆಮೇಲೆ ಮನೆಯಲ್ಲಿರುವ ಪಿಯುಸಿ ವಿಜ್ಞಾನ ಪುಸ್ತಕ ತೆರೆಯಿರಿ. ಸಿದ್ಧಾಂತ ಮುಂಚೆಯೇ ಏನು ಹೇಳಿತ್ತು, ಅಳೆದು ನೋಡಿದಾಗ ಏನು ಸಿಕ್ಕಿತು ಅಂತ ಹುಡುಕಿ.