ಬಿಸ್ಕತ್ತು ಬೀಸಿದ ಅಜ್ಜಿ

ನನ್ನ ಅಕ್ಕನ ಮಗಳು ಫುಡ್ ಟೆಕ್ನಾಲಜಿಯಲ್ಲಿ ಬಿ.ಟೆಕ್‌ಗೆ ಸೇರಿದ ದಿನ ನೆಂಟರು ಕೇಳಿದ ಮೊದಲ ಪ್ರಶ್ನೆ: "ಸಾರು ಮಾಡೋಕೂ ಬಿ.ಟೆಕ್ ಬೇಕಾ?" ಎರಡನೆಯದು: "ಹೋಟೆಲ್ ಯಾವಾಗ ಇಡ್ತೀಯ?" ಒಂದು ಮದುವೆಯಲ್ಲಂತೂ ಅವಳನ್ನು ಅಡುಗೆ ಭಟ್ಟರಿಗೆ ಪರಿಚಯ ಮಾಡಿಸಿದರು. ಭಟ್ಟರು ಪಾಪ, ಹುಳಿಗೆ ಉಪ್ಪು ಸಾಕಾ ನೋಡಮ್ಮ ಎಂದು ಸೌಟು ಮುಂದೆ ಹಿಡಿದರು.

ಇದು ನಡೆದದ್ದು ಮೈಸೂರಿನಲ್ಲಿ. 1950ರಿಂದ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇರುವ ಊರು. ಎಮ್ಮೆ ಹಾಲಿನಿಂದ ಮಕ್ಕಳ ಹಾಲಿನ ಪುಡಿ ಮಾಡಬಹುದು ಎಂದು ತೋರಿಸಿಕೊಟ್ಟ ಸಂಸ್ಥೆ ಅದು. ನಮ್ಮವರಿಗೆ ಮಾತ್ರ ಅದು ಆಟೋದವನಿಗೆ ದಾರಿ ಹೇಳೋಕೆ ಒಂದು ಗುರುತು, ಅಷ್ಟೇ.

ಹುಡುಗಿ ಚೆನ್ನಾಗಿಯೇ ಓದಿದಳು. ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿದರೆ ಏನಾಗುತ್ತೆ, ಉಪ್ಪಿನಕಾಯಿಗೆ ಬೂಷ್ಟು ಯಾಕೆ ಬೇಗ ಹಿಡಿಯಲ್ಲ, ಎಲ್ಲಾ ಊಟದ ಹೊತ್ತಿಗೇ ಪಾಠ. ಗಗನಯಾತ್ರಿಗಳ ಊಟ ಕೆಡದಿರಲಿ ಎಂದು 1960ರ ದಶಕದಲ್ಲಿ ಹುಟ್ಟಿದ ಹ್ಯಾಸಪ್ ಪದ್ಧತಿಯೂ ಅವಳಿಗೆ ಬಾಯಿಪಾಠ. ಕಾರ್ಖಾನೆಯ ಯಾವ ಹಂತದಲ್ಲಿ ಅಪಾಯ ನುಸುಳುತ್ತೆ ಎಂದು ಮೊದಲೇ ಹುಡುಕಿ ತಡೆಯುವ ವಿದ್ಯೆ ಅದು.

ಬಿಸ್ಕತ್ತು ಮಾಡುವ ಒಂದು ಕಂಪನಿಯಲ್ಲಿ ಸಂದರ್ಶನ. ಹ್ಯಾಸಪ್ ಬಗ್ಗೆ ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಕೈ ಎತ್ತಿದರಂತೆ. "ಅದೆಲ್ಲಾ ಇರಲಿ ಬಿಡಮ್ಮ. ರಾಗಿ ಬಿಸ್ಕತ್ತು. ಅಜ್ಜಿ ಮಾಡಿದ ಹಾಗಿರಬೇಕು. ಒಂಬತ್ತು ತಿಂಗಳು ಕೆಡಬಾರದು."

ಯಾವ ಅಜ್ಜಿ ಬಿಸ್ಕತ್ತು ಮಾಡಿದ್ದಳು ಸ್ವಾಮಿ? ನಮ್ಮಜ್ಜಿ ಮುದ್ದೆ ಕಟ್ಟುತ್ತಿದ್ದಳು. ಅದೂ ಒಂಬತ್ತು ತಿಂಗಳಲ್ಲ, ಒಂಬತ್ತು ನಿಮಿಷ ತಡವಾದರೂ ಬೈಯುತ್ತಿದ್ದಳು.

ಕೆಲಸ ಸಿಕ್ಕಿತು. ಅಸಲಿ ವಿದ್ಯಾಭ್ಯಾಸ ಶುರುವಾದದ್ದೇ ಆಗ. ಪ್ಯಾಕೆಟ್ಟಿನ ಹಿಂದೆ ಸಾಮಗ್ರಿಗಳನ್ನು ತೂಕ ಜಾಸ್ತಿ ಇರುವುದರಿಂದ ಕಡಿಮೆಯ ಕಡೆಗೆ ಬರೆಯಬೇಕು, ಅದು ಕಾನೂನು. ಹಾಗೆ ಬರೆದರೆ ಸಕ್ಕರೆ ಮೊದಲೇ ಬಂದು ಕೂರುತ್ತೆ. ಅದಕ್ಕೇನು ಉಪಾಯ? ಪಾಲು ಮಾಡಿಸೋದು! ಸಕ್ಕರೆ ಒಂದು ಕಡೆ, ಇನ್ವರ್ಟ್ ಸಿರಪ್ ಒಂದು ಕಡೆ, ಗ್ಲೂಕೋಸ್ ಸಿರಪ್ ಇನ್ನೊಂದು ಕಡೆ; ಎಲ್ಲಾ ಸಿಹಿಯ ಮನೆತನವೇ, ಹೆಸರು ಮಾತ್ರ ಬೇರೆ. ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡಿದ ಮೇಲೆ ಯಾರ ಆಸ್ತಿಯೂ ದೊಡ್ಡದಾಗಿ ಕಾಣಲ್ಲ, ಅಲ್ವಾ? ಮೈದಾ ಯಜಮಾನನಾಗಿ ಮುಂದೆ ನಿಂತಿತು. ರಾಗಿ ನೂರಕ್ಕೆ ಆರು. ಮುಂದುಗಡೆ ಹೆಸರು ಮಾತ್ರ ರಾಗಿಯದ್ದೇ, ಊರ ಜಾತ್ರೆಯ ಬ್ಯಾನರಿನಷ್ಟು ದಪ್ಪಕ್ಷರದಲ್ಲಿ.

ಕ್ಯಾಲೊರಿ ಲೆಕ್ಕ ಎರಡು ಬಿಸ್ಕತ್ತಿಗೆ. ಎರಡು ತಿಂದು ಪ್ಯಾಕೆಟ್ ಮಡಚಿಡುವ ಮಹಾತ್ಮರನ್ನು ನಾನಿನ್ನೂ ಕಂಡಿಲ್ಲ.

ಕಂಪನಿಯವರನ್ನಷ್ಟೇ ಬೈದು ಏನು ಫಲ? 2024ರಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ, ಪೇಯಗಳನ್ನು ಹೆಲ್ತ್ ಡ್ರಿಂಕ್ ಎಂಬ ಪಟ್ಟಿಯಿಂದ ತೆಗೆಯಿರಿ ಎಂದಿತು. ಕಾರಣ, ಆಹಾರ ಸುರಕ್ಷತೆಯ ಕಾನೂನಿನಲ್ಲಿ ಹೆಲ್ತ್ ಡ್ರಿಂಕ್ ಅನ್ನೋದೇ ಇಲ್ಲ. ಇಲ್ಲದೇ ಇರುವುದನ್ನು ನಾವು ಇಷ್ಟು ವರ್ಷ ಎರಡು ಚಮಚ ಹಾಕಿ, ಕಲಕಿ, ಮಕ್ಕಳ ಹಿಂದೆ ಓಡಾಡಿ ಕುಡಿಸಿದ್ದೇವೆ.

ಮೊನ್ನೆ ಹುಡುಗಿ ತನ್ನ ಮೊದಲ ಬಿಸ್ಕತ್ತನ್ನು ಮನೆಗೆ ತಂದಳು. ನಮ್ಮಮ್ಮ, ಅಂದರೆ ಅವಳ ಸ್ವಂತ ಅಜ್ಜಿ, ಒಂದು ಕಡಿದು, ಕನ್ನಡಕ ಏರಿಸಿ ಪ್ಯಾಕೆಟ್ ಮೇಲಿನ ಚಿತ್ರದ ಅಜ್ಜಿಯನ್ನು ನೋಡಿದರು. "ಬೀಸೋಕಲ್ಲು ಮುಂದೆ ಕೂತವಳು ಇಂಥ ಜರಿ ಸೀರೆ ಉಡ್ತಾಳೇನೇ?" ಎಂದರು. ಆಮೇಲೆ ಪ್ಯಾಕೆಟ್ ತಿರುಗಿಸಿ ಹಿಂದುಗಡೆಯ ಸಣ್ಣಕ್ಷರದ ಮೇಲೆ ಬೆರಳಾಡಿಸಿದರು.

"ಇಲ್ಲೇನೋ ಬರೆದಿದೆಯಲ್ಲೇ, ಓದು."

ಹುಡುಗಿ ನನ್ನ ಮುಖ ನೋಡಿದಳು. "ಏನಿಲ್ಲ ಅಜ್ಜಿ, ಸುಮ್ನೆ ತಿನ್ನು."